ಗಾರ್ಮೆಂಟ್ಸ್‌ನಲ್ಲಿ ಟ್ರೈನರ್ ಆಗಿದೀನಿ, ಮಾಸ್ಟರ್ಸ್ ಮಾಡ್ಬೇಕು: ಎಂಬಿಎ ಎಚ್‌ಆರ್ ಮಾಡ್ಲಾ, ವಯಸ್ಕರ ಶಿಕ್ಷಣದಲ್ಲಿ ಎಂಎ ಮಾಡ್ಲಾ?

ತುಂಗೆದಂಡೆ, ಶಿವಮೊಗ್ಗ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಹೇಳಿದ್ರೇನೇ ನಿಮ್ಗೂ ಸಲಹೆ ಕೊಡೋಕೆ ಅನುಕೂಲ ಅಂತ ಬರೀತಿದೀನಿ.

ನನ್ ವಯಸ್ಸು 31. ಸಹ್ಯಾದ್ರಿ ಸೈನ್ಸ್ ಕಾಲೇಜಲ್ಲಿ ಬಿಎಸ್ಸಿ ಮುಗಿಸ್ದೆ, ಮುಂದೆ ಓದ್ಸೋಕೆ ಮನೇಲಿ ಆಗ್ಲಿಲ್ಲ, ಗಾರ್ಮೆಂಟ್ಸ್‌ಗೆ ಸೇರ್ಕೊಂಡೆ. ಮೊದ್ಲು ಚೆಕಿಂಗ್, ಆಮೇಲೆ ಕ್ವಾಲಿಟಿ, ಈಗ ಹೊಸದಾಗಿ ಸೇರೋ ಆಪರೇಟರ್‌ಗಳಿಗೆ ಟ್ರೈನಿಂಗ್ ಕೊಡೋ ಕೆಲಸ. ಈ ಕೆಲಸ ನಂಗೆ ತುಂಬಾ ಇಷ್ಟ. ಆಯನೂರು, ಕುಂಸಿ, ಹೊಳೆಹೊನ್ನೂರು ಕಡೆಯಿಂದೆಲ್ಲ ಬೆಳಗ್ಗೆ ಬಸ್ಸಲ್ಲಿ ಬರ್ತಾರೆ, ಪಿಯುಸಿ ಅರ್ಧಕ್ಕೆ ಬಿಟ್ಟ 19 ವರ್ಷದ ಹುಡ್ಗೀರೂ ಇರ್ತಾರೆ, ಮಕ್ಳನ್ನ ಹೈಸ್ಕೂಲಿಗೆ ಕಳ್ಸಿ ಬರೋ 40 ದಾಟಿದ ಅಕ್ಕಂದಿರೂ ಇರ್ತಾರೆ, ಎಲ್ರಿಗೂ ಒಂದೇ ರೂಮು. ಮೊದ್ಲು ದಾರನೇ ಹಾಕ್ದೆ ಪೇಪರ್ ಮೇಲೆ ಗೆರೆ ಹಿಡ್ದು ಹೊಲ್ಸೋದು, ನೇರ ಗೆರೆ ಬಂದ್ಮೇಲೆ ಬಾಗಿದ ಗೆರೆ, ಮೂಲೆ ತಿರುಗ್ಸೋದು, ಕಾಲಲ್ಲಿ ಸ್ಪೀಡು ಹಿಡಿತಕ್ಕೆ ಬಂದ್ಮೇಲೆ ಬಟ್ಟೆ. ಹೆದರ್ಕೊಂಡು ಬಂದೋರು ಮೊದಲ್ನೇ ಕಾಲರ್ ಸರಿಯಾಗಿ ತಿರುಗ್ಸಿದಾಗ ಮುಖ ನೋಡ್ಬೇಕು ನೀವು.

ತೊಂದ್ರೆ ಎಲ್ಲಿ ಅಂದ್ರೆ, ನನ್ ರೂಮಲ್ಲಿ ಚೆನ್ನಾಗಿ ಮಾಡಿದೋರೇ ಲೈನ್‌ಗೆ, ಅಂದ್ರೆ ಸಾಲಾಗಿ ಮಿಷಿನ್ ಇಟ್ಟು ಬಟ್ಟೆ ಹೊಲಿಯೋ ಕಡೆಗೆ, ಹೋದ್ಮೇಲೆ ಕೈ ಕಟ್ಟಿದಂಗೆ ಆಗ್ತಾರೆ. ಟಾರ್ಗೆಟ್ ಬರಲ್ಲ, ಬಂಡಲ್ ರಾಶಿ ಬೀಳುತ್ತೆ, ಕೆಲವ್ರು ಅತ್ಕೊಂಡು ಕೆಲಸಾನೇ ಬಿಟ್ಟು ಹೋಗ್ತಾರೆ. ಸೂಪರ್‌ವೈಸರ್ ನನ್ ಹತ್ರ ಬಂದು ಏನ್ ಕಲ್ಸಿದ್ರಿ ಇವ್ರಿಗೆ ಅಂತಾರೆ. ದೊಡ್ಡೋರಿಗೆ ಕಲ್ಸೋದು ಮಕ್ಕಳಿಗೆ ಕಲ್ಸಿದಂಗಲ್ಲ ಅನ್ನೋದು ದಿನಾ ಕಣ್ಣಿಗೆ ಕಾಣುತ್ತೆ, ಆದ್ರೆ ಯಾಕೆ ಹಂಗೆ, ಬೇರೆ ಹೆಂಗೆ ಮಾಡ್ಬೇಕು ಅನ್ನೋದನ್ನ ನಂಗೆ ಯಾರೂ ಕಲ್ಸಿಲ್ಲ. ಅದನ್ನೇ ಸರಿಯಾಗಿ ಓದ್ಬೇಕು ಅಂತ ಆಸೆ.

ನಮ್ಮನೆಯೋರು, ಆಫೀಸಿನೋರು ಎಲ್ಲ ಎಂಬಿಎ ಮಾಡು ಅಂತಾರೆ. ದೂರಶಿಕ್ಷಣದ ಮುಕ್ತ ವಿವಿ ಇಗ್ನೋದಲ್ಲಿ ವಯಸ್ಕರ ಶಿಕ್ಷಣ ಅಂತ ಎಂಎ ಇದೆ ಅಂತ ಕೇಳ್ದೆ. ಕೆಲಸ ಬಿಡೋಕಾಗಲ್ಲ, ಮಗು ಚಿಕ್ಕದು, ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ ಬರೆಯೋದು ನಿಧಾನ. ಮಾಡಿದೋರು, ಈ ಫೀಲ್ಡಲ್ಲಿ ಇರೋರು ದಯವಿಟ್ಟು ಹೇಳಿ.

ಸಾಗರದವ ಈಗ ಬೆಂಗ್ಳೂರು

ಮೇಡಂ, ನಾನು ಬೆಂಗಳೂರಲ್ಲಿ ಒಂದು ಕಂಪ್ನಿಯ ಟ್ರೈನಿಂಗ್ ವಿಭಾಗ ನೋಡ್ಕೋತೀನಿ, ಜನ ತಗೊಳೋ ಇಂಟರ್‌ವ್ಯೂಗಳಲ್ಲೂ ಕೂರ್ತೀನಿ, ಅದ್ಕೆ ನೇರವಾಗಿ ಹೇಳ್ತೀನಿ. ಪ್ರೈವೇಟ್ ಕಂಪ್ನಿಲಿ ಮೇಲಕ್ಕೆ ಹೋಗ್ಬೇಕು, ಟ್ರೈನಿಂಗ್ ಮ್ಯಾನೇಜರ್ ಆಗ್ಬೇಕು ಅಂತಿದ್ರೆ ಎಂಬಿಎ ಎಚ್‌ಆರ್ ಮಾಡಿ. ರೆಸ್ಯೂಮೆ ಆರ್ಸೋರು ಮೊದ್ಲು ಹುಡ್ಕೋದೇ ಅದನ್ನ. ಕುವೆಂಪು ವಿವಿ ಶಂಕರಘಟ್ಟದಲ್ಲೇ ಇದೆ ನಿಜ, ಆದ್ರೆ ರೆಗ್ಯುಲರ್ ಅಂದ್ರೆ ಕೆಲಸ ಬಿಡ್ಬೇಕಾಗುತ್ತೆ, ಹಂಗಾಗಿ ದೂರಶಿಕ್ಷಣವೇ ನಿಮ್ಗೆ ದಾರಿ. ಯುಜಿಸಿ ಮಾನ್ಯತೆ ಇರೋ ದೂರಶಿಕ್ಷಣ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ 2022ರಲ್ಲೇ ಯುಜಿಸಿ ಸ್ಪಷ್ಟ ಮಾಡಿದೆ, ಆ ಬಗ್ಗೆ ಅಳುಕು ಬೇಡ.

ಆದ್ರೆ ಒಂದು ಗೊತ್ತಿರ್ಲಿ, ಎಂಬಿಎ ಎಚ್‌ಆರ್‌ನಲ್ಲಿ ಟ್ರೈನಿಂಗ್ ಅಂಡ್ ಡೆವಲಪ್‌ಮೆಂಟ್ ಅನ್ನೋದು ಹತ್ತಾರು ಪೇಪರ್‌ಗಳ ಮಧ್ಯೆ ಒಂದು ಪೇಪರ್ ಅಷ್ಟೆ. ಅಕೌಂಟ್ಸು, ಮಾರ್ಕೆಟಿಂಗು, ಕಾರ್ಮಿಕ ಕಾನೂನು ಎಲ್ಲ ಓದ್ಬೇಕು.

ಇನ್ನು ನಿಮ್ಮ ಲೈನ್ ಸಮಸ್ಯೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನೋರು 1959ರಲ್ಲಿ ಟ್ರೈನಿಂಗ್‌ನ ನಾಲ್ಕು ಹಂತದಲ್ಲಿ ಅಳೀಬೇಕು ಅಂತ ಬರೆದ್ರು, ಇವತ್ತಿಗೂ ಎಲ್ಲಾ ಕಂಪ್ನಿಗಳೂ ಅದನ್ನೇ ಹೇಳ್ತವೆ. ಬಂದೋರಿಗೆ ಟ್ರೈನಿಂಗ್ ಹಿಡಿಸ್ತಾ, ಏನಾದ್ರೂ ಕಲ್ತ್ರಾ, ಕಲ್ತಿದ್ದನ್ನ ಕೆಲಸದ ಜಾಗದಲ್ಲಿ ಮಾಡ್ತಿದಾರಾ, ಅದ್ರಿಂದ ಸಂಸ್ಥೆಗೆ ಏನಾದ್ರೂ ಆಯ್ತಾ. ಬಹಳ ಕಡೆ ಕೊನೇಲಿ ಒಂದು ಫೀಡ್‌ಬ್ಯಾಕ್ ಫಾರ್ಮ್ ತುಂಬ್ಸಿ ಮೊದಲ್ನೇ ಹಂತಕ್ಕೇ ಮುಗಿಸ್ತಾರೆ. ನೀವು ಎರಡನೇದು ದಾಟಿದೀರಿ, ಮೂರನೇದ್ರಲ್ಲಿ ಸಿಕ್ಕಾಕೊಂಡಿದೆ. ಇದ್ರ ಬಗ್ಗೆ ಬಾಲ್ಡ್‌ವಿನ್ ಮತ್ತು ಫೋರ್ಡ್ ಅನ್ನೋ ಇಬ್ರು 1988ರಲ್ಲಿ ಬರೆದಿದ್ದನ್ನ ಈ ಫೀಲ್ಡಲ್ಲಿ ಓದ್ದೇ ಇರೋರಿಲ್ಲ: ಕಲ್ತಿದ್ದು ಕೆಲಸಕ್ಕೆ ಇಳೀಬೇಕಾದ್ರೆ ಕಲಿಯೋರು ಹೆಂಗಿದಾರೆ, ಕಲ್ಸಿದ ರೀತಿ ಹೆಂಗಿದೆ, ಕೆಲಸದ ವಾತಾವರಣ ಹೆಂಗಿದೆ ಅನ್ನೋ ಮೂರೂ ಸೇರ್ಬೇಕು. ನಿಮ್ಮಲ್ಲಿ ಮೂರನೇದು ಕೈ ಕೊಡ್ತಿದೆ ಅನ್ಸುತ್ತೆ. ಟ್ರೈನಿಂಗ್‌ನ ಕೊನೇ ದಿನಗಳಲ್ಲಿ ಆ ಲೈನ್ ಸೂಪರ್‌ವೈಸರ್‌ನೇ ನಿಮ್ಮ ರೂಮಿಗೆ ಕರ್ಸಿ, ಲೈನಲ್ಲಿ ಆಗ ಓಡ್ತಿರೋ ಸ್ಟೈಲಿನ ಬಂಡಲ್‌ನೇ ತರ್ಸಿ ಅದ್ರ ಮೇಲೇ ಅಭ್ಯಾಸ ಮಾಡ್ಸಿ. ಲೈನಲ್ಲಿ ಮೊದಲ ವಾರಗಳಿಗೆ ಟಾರ್ಗೆಟ್ ಕಮ್ಮಿ ಇಟ್ಟು ಮೆಟ್ಟಿಲು ಮೆಟ್ಟಿಲಾಗಿ ಏರ್ಸೋಕೆ ಒಪ್ಪಿಸೋಕಾಗುತ್ತಾ ನೋಡಿ.

ಆಗುಂಬೆ ಮಳೆ, ತೀರ್ಥಹಳ್ಳಿ

ಸಾಗರದ ಅಣ್ಣ ಹೇಳಿದ್ದು ಕಂಪ್ನಿ ಕಡೆಯಿಂದ ಸರಿ, ಆದ್ರೆ ಅವ್ಳು ಕೇಳಿದ್ದು ಪ್ರಮೋಷನ್ ಅಲ್ವಲ್ಲ ಮಾರಾಯ್ರೆ, ದೊಡ್ಡೋರು ಹ್ಯಾಗೆ ಕಲೀತಾರೆ ಅಂತ ಓದ್ಬೇಕು ಅಂತ. ಅದನ್ನೇ ಪೂರ್ತಿ ಓದ್ಸೋ ಕೋರ್ಸ್ ಇರ್ಬೇಕಾದ್ರೆ ಒಂದು ಪೇಪರ್‌ಗೋಸ್ಕರ ಎರಡು ವರ್ಷ ಎಂಬಿಎ ಎಂತಕ್ಕೆ?

ನಾನು ಇಗ್ನೋದ ವಯಸ್ಕರ ಶಿಕ್ಷಣ ಎಂಎ ಮಾಡಿದೀನಿ. ಸ್ವಸಹಾಯ ಸಂಘಗಳ ಹೆಂಗಸ್ರಿಗೆ ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ ಕಲ್ಸೋ ಕೆಲಸ ಮಾಡ್ತಾ ಓದಿದ್ದು. ಕನಿಷ್ಠ 2 ವರ್ಷ, ಗರಿಷ್ಠ 4 ವರ್ಷದೊಳಗೆ ಮುಗಿಸ್ಬಹುದು, ಮಗು ಇರೋಳಿಗೆ ಈ ಸಡಿಲ ದೊಡ್ಡ ವರ. ಅಡ್ಮಿಷನ್ ಜನವರಿ, ಜುಲೈ ಎರಡು ಸಲ ಇರುತ್ತೆ. ಅಸೈನ್‌ಮೆಂಟ್ ಬರ್ದು ಕೊಡ್ದೇ ಇದ್ರೆ ಪರೀಕ್ಷೆ ಬರ್ದೂ ಪ್ರಯೋಜನ ಇಲ್ಲ, ಅದೊಂದನ್ನ ಮರೀಬೇಡ. ಇಂಗ್ಲಿಷ್ ಬಗ್ಗೆ ಹೆದ್ರಬೇಡ, ಉದ್ದುದ್ದ ವಾಕ್ಯ ಬೇಡ, ನಿನ್ ಕೆಲಸದ ಉದಾಹರಣೆ ಕೊಟ್ಟು ಸಣ್ಣ ಸಣ್ಣ ವಾಕ್ಯದಲ್ಲಿ ಬರೀ.

ಒಳಗೆ ಎಂತ ಇದೆ ಅಂದ್ರೆ, ವಯಸ್ಕರ ಶಿಕ್ಷಣದ ಬಗ್ಗೆ ಬರೆದ ಅಮೆರಿಕದ ಮಾಲ್ಕಮ್ ನೋಲ್ಸ್ ಹತ್ರ ಶುರು ಆಗುತ್ತೆ. ಆಂಡ್ರಗಾಜಿ, ಅಂದ್ರೆ ದೊಡ್ಡೋರಿಗೆ ಕಲ್ಸೋ ಶಾಸ್ತ್ರ, ಅನ್ನೋ ಹೆಸ್ರನ್ನ ಮೊದ್ಲು ಬಳಸಿದ್ದು ಜರ್ಮನಿಯ ಅಲೆಕ್ಸಾಂಡರ್ ಕಾಪ್, 1833ರಲ್ಲಿ, ಅದನ್ನ ಜಗತ್ತಿಗೆಲ್ಲ ಹಬ್ಬಿಸಿದ್ದು ನೋಲ್ಸ್. ಅವ್ರು ಹೇಳೋದು, ದೊಡ್ಡೋರಿಗೆ ಇದನ್ನ ಯಾಕೆ ಕಲೀಬೇಕು ಅಂತ ಮೊದ್ಲು ಗೊತ್ತಾಗ್ಬೇಕು, ತಮ್ಮ ಬದುಕಿನ ನಿರ್ಧಾರ ತಾವೇ ಮಾಡೋ ಜನ ಅವ್ರು, ಶಾಲೆ ಮಕ್ಕಳ ಥರ ಕೂರ್ಸಿದ್ರೆ ಒಳಗೊಳಗೇ ಮುದುಡ್ತಾರೆ, ಬರೋವಾಗ್ಲೇ ಅನುಭವದ ಗಂಟು ಹೊತ್ಕೊಂಡು ಬರ್ತಾರೆ, ಇವತ್ತಿನ ಸಮಸ್ಯೆ ಬಗೆಹರಿಸೋದಾದ್ರೆ ಬೇಗ ಕಲೀತಾರೆ. ಆಮೇಲೆ ಬ್ರೆಜಿಲ್‌ನ ಪಾವ್ಲೊ ಫ್ರೇರಿ. ಬ್ಯಾಂಕಿಗೆ ದುಡ್ಡು ಕಟ್ಟಿದಂಗೆ ತಲೆಗೆ ಮಾಹಿತಿ ತುಂಬೋದು ಶಿಕ್ಷಣ ಅಲ್ಲ, ಕಲಿಯೋರ ಜೊತೆ ಮಾತಾಡಿ ಅವ್ರ ಬದುಕನ್ನೇ ಪಾಠ ಮಾಡ್ಬೇಕು ಅಂದವ್ರು. ನಮ್ ಸಂಘದ ಹೆಂಗಸ್ರ ಹತ್ರ ಫ್ರೇರಿ ನಂಗೆ ಬಹಳ ಉಪಯೋಗಕ್ಕೆ ಬಂದ್ರು.

ನಿಂಗೆ ಮಾತ್ರ ಒಂದು ವಿಷಯ ಹೇಳ್ಲೇಬೇಕು. ಜೀನ್ ಲೇವ್ ಅನ್ನೋ ಮಾನವಶಾಸ್ತ್ರಜ್ಞೆ ಲೈಬೀರಿಯಾದ ವಾಯ್, ಗೋಲಾ ದರ್ಜಿಗಳ ಹತ್ರ ಹೋಗಿ ಹುಡುಗ್ರು ಹ್ಯಾಗೆ ಕಲೀತಾರೆ ಅಂತ ನೋಡಿದಾರೆ. ಅಲ್ಲಿ ಹೊಸಬ್ರಿಗೆ ಮೊದ್ಲು ಕತ್ತರಿ ಕೊಡಲ್ಲ. ಇಸ್ತ್ರಿ, ಗುಂಡಿ, ಅಂಚು ಮಡಿಸೋದು ಮೊದ್ಲು, ಆಮೇಲೆ ಹೊಲಿಗೆ, ಕಟಿಂಗ್ ಕಟ್ಟಕಡೇಲಿ. ಬಟ್ಟೆ ತಯಾರಾಗೋ ಕ್ರಮಕ್ಕೆ ಪೂರ್ತಿ ಉಲ್ಟಾ. ಮುಗಿದ ಬಟ್ಟೆ ಹ್ಯಾಗಿರ್ಬೇಕು ಅಂತ ಕಣ್ಣಿಗೆ ಕೂತ್ಮೇಲೇ ಕೈಗೆ ಕೆಲಸ, ಮತ್ತೆ ಶುರುವಲ್ಲಿ ತಪ್ಪಾದ್ರೂ ದೊಡ್ಡ ನಷ್ಟ ಆಗ್ದಿರೋ ಕೆಲಸ. ನೀನು ಚೆಕಿಂಗ್‌ನಿಂದ ಬಂದೋಳಲ್ವಾ, ನಿನ್ ಕಣ್ಣು ಹಂಗೇ ತಯಾರಾಗಿದ್ದು. ಲೇವ್ ಮತ್ತು ವೆಂಗರ್ 1991ರಲ್ಲಿ ಇದನ್ನೆಲ್ಲ ಸೇರ್ಸಿ, ಕಲಿಕೆ ಅಂದ್ರೆ ಆ ಕೆಲಸ ಮಾಡೋ ಜನರ ಗುಂಪಿನ ಅಂಚಿಂದ ನಿಧಾನಕ್ಕೆ ಒಳಗೆ ಸೇರ್ಕೊಳೋದು ಅಂತ ವಾದ ಮಾಡಿದ್ರು. ನಿನ್ ಹುಡ್ಗೀರು ಕೆಲಸ ಬರ್ದೇ ಬಿಟ್ಟು ಹೋಗ್ತಿದಾರೋ, ಲೈನಲ್ಲಿ ಯಾರೂ ಅವ್ರನ್ನ ಸೇರಿಸ್ಕೊಳ್ದೇ ಇರೋದಕ್ಕೆ ಹೋಗ್ತಿದಾರೋ, ಅದನ್ನ ನೋಡು.

ಒಂದು ಕೊರತೆ ಮುಚ್ಚಿಡಲ್ಲ. ಈ ಎಂಎದಲ್ಲಿ ಸಾಕ್ಷರತೆ, ಸರ್ಕಾರದ ನೀತಿ, ವಿಸ್ತರಣಾ ಶಿಕ್ಷಣ ಇದೇ ಜಾಸ್ತಿ, ಫ್ಯಾಕ್ಟರಿ ವಿಷಯ ಕಡಿಮೆ. ಡಿಸರ್ಟೇಷನ್‌ಗೆ, ಅಂದ್ರೆ ನೀನೇ ಅಧ್ಯಯನ ಮಾಡಿ ಬರೆಯೋ ಪ್ರಬಂಧಕ್ಕೆ, ನಿನ್ನ ಟ್ರೈನಿಂಗ್ ರೂಮನ್ನೇ ವಿಷಯ ಮಾಡ್ಕೊಂಡ್ರೆ ಆ ಕೊರತೆ ತುಂಬುತ್ತೆ. ಮುಂದೆ ಪಾಠ ಮಾಡೋ ಕಡೆ ಹೋಗ್ಬೇಕು ಅನ್ಸಿದ್ರೆ ಕಾಲೇಜು ಅಧ್ಯಾಪಕರಾಗೋಕೆ ಬರೆಯೋ ಯುಜಿಸಿ ನೆಟ್ ಪರೀಕ್ಷೆಯಲ್ಲಿ ವಯಸ್ಕರ ಶಿಕ್ಷಣಕ್ಕೆ ಬೇರೆ ವಿಷಯವೇ ಇದೆ, ಕೋಡ್ 46.

ಹಳೇ ಫಿಟ್ಟರ್, ಭದ್ರಾವತಿ

ನೋಡಮ್ಮ, ನಾನು ಐಟಿಐನಲ್ಲಿ ಫಿಟ್ಟರ್ ಇನ್‌ಸ್ಟ್ರಕ್ಟರ್ ಆಗಿ ರಿಟೈರ್ ಆದೋನು, ಮೇಲಿನಿಬ್ರು ಹೇಳಿದ ಹೆಸರುಗಳಲ್ಲಿ ಅರ್ಧ ನಂಗೆ ಹೊಸದು, ಆದ್ರೆ ವಿಷಯ ಹೊಸದಲ್ಲ. ಕೈಕೆಲಸ ಕಲ್ಸೋದಕ್ಕೂ ಒಂದು ಶಾಸ್ತ್ರ ಇದೆ, ಅದು ಯೂನಿವರ್ಸಿಟಿಗಿಂತ ಮೊದ್ಲು ಹಡಗುಕಟ್ಟೆಯಲ್ಲಿ, ಕಾರ್ಖಾನೆಯಲ್ಲಿ ಬೆಳೆದಿದ್ದು. ಮೊದಲ ಮಹಾಯುದ್ಧದ ಸಮಯದಲ್ಲಿ ಅಮೆರಿಕದಲ್ಲಿ ಹಡಗು ಕಟ್ಟೋಕೆ ಒಮ್ಮೆಗೇ ಸಾವಿರಾರು ಜನ ಬೇಕಾದ್ರು, ಆಗ ಚಾರ್ಲ್ಸ್ ಅಲೆನ್ ಅನ್ನೋರು ಕೆಲಸ ಕಲ್ಸೋಕೆ ನಾಲ್ಕು ಹೆಜ್ಜೆ ಮಾಡಿದ್ರು. ಎರಡನೇ ಯುದ್ಧದಲ್ಲಿ ಅದನ್ನೇ ತಿದ್ದಿ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಅಂತ ಕಾರ್ಯಕ್ರಮ ಮಾಡಿದ್ರು, ಜೇಬಲ್ಲಿ ಇಟ್ಕೊಳೋ ಕಾರ್ಡಲ್ಲೇ ಎಲ್ಲ ಇತ್ತು. ಕಲಿಯೋನನ್ನ ಮೊದ್ಲು ನಿರಾಳ ಮಾಡು, ಅವ್ನಿಗೆ ಏನ್ ಗೊತ್ತು ಕೇಳು. ಒಂದೊಂದೇ ಹೆಜ್ಜೆ ಮಾಡಿ ತೋರ್ಸು, ಮುಖ್ಯವಾದ್ದನ್ನ ಒತ್ತಿ ಹೇಳು. ಅವ್ನ ಕೈಲಿ ಮಾಡ್ಸು, ಮಾಡ್ತಾ ಅವ್ನೇ ಬಾಯಲ್ಲಿ ವಿವರಿಸ್ಬೇಕು. ಆಮೇಲೆ ಕೆಲಸಕ್ಕೆ ಬಿಡು, ಸಂಶಯ ಬಂದ್ರೆ ಯಾರ ಹತ್ರ ಹೋಗ್ಬೇಕು ಹೇಳು, ಆಗಾಗ ಹೋಗಿ ನೋಡು. ಕೆಲಸಗಾರ ಕಲ್ತಿಲ್ಲ ಅಂದ್ರೆ ಕಲ್ಸೋನು ಕಲ್ಸಿಲ್ಲ ಅಂತ ಆ ಕಾರ್ಯಕ್ರಮದ ಮಾತೇ ಇದೆ.

ನಾಲ್ಕನೇ ಹೆಜ್ಜೆ ನೋಡು, ಹೋಗಿ ನೋಡೋದು. ಲೈನಿಗೆ ಹೋದ್ಮೇಲೆ ನೀನು ಅವ್ರ ಹತ್ರ ಹೋಗ್ತೀಯಾ? ಅಥ್ವಾ ಹೋಗೋಕೆ ಬಿಡ್ತಾರಾ? ಅದನ್ನ ಮೊದ್ಲು ಕೇಳಿ ತಗೋ.

ಸರ್ಕಾರಿ ಕಡೆ ಮನಸ್ಸಿದ್ರೆ ಸಿಐಟಿಎಸ್ ಅಂತ ಒಂದು ವರ್ಷದ ತರಬೇತಿ ಕೋರ್ಸ್ ಇದೆ, ಐಟಿಐ ಇನ್‌ಸ್ಟ್ರಕ್ಟರ್ ಆಗೋರಿಗೆ, ಅದ್ರಲ್ಲಿ ಟ್ರೇಡ್ ಜೊತೆ ಕಲ್ಸೋ ವಿಧಾನಕ್ಕೇ ಬೇರೆ ವಿಷಯ ಇರುತ್ತೆ. ಮಹಿಳೆಯರಿಗೆ ಅಂತಾನೇ ಬೆಂಗಳೂರಲ್ಲಿ ಎನ್‌ಎಸ್‌ಟಿಐ (ರಾಷ್ಟ್ರೀಯ ಕೌಶಲ್ಯ ತರಬೇತಿ ಸಂಸ್ಥೆ) ಇದೆ. ಆದ್ರೆ ಅದು ಪೂರ್ತಿ ದಿನದ ಕೋರ್ಸು, ಈಗಿನ ನಿನ್ ಪರಿಸ್ಥಿತಿಗೆ ಕಷ್ಟ.

ತುಂಗೆದಂಡೆ, ಶಿವಮೊಗ್ಗ

ಇಷ್ಟು ಬರ್ದಿದೀರಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಸರ್, ಲೈನಿಗೆ ಹೋಗಿ ನೋಡೋದು ನನ್ ಕೆಲಸದಲ್ಲಿ ಸೇರಿಲ್ಲ, ಒಂದು ಬ್ಯಾಚ್ ಬಿಟ್ಟ ತಕ್ಷಣ ಇನ್ನೊಂದು ಬ್ಯಾಚ್ ಕೊಡ್ತಾರೆ. ಕೇಳ್ತೀನಿ.

ಅಕ್ಕ, ಅನುಭವದ ಗಂಟು ಅಂದ್ರಲ್ಲ, ಅದ್ರ ಬಗ್ಗೆ ಒಂದು ಕೇಳ್ಬೇಕು. ನನ್ ಹತ್ರ ಬರೋ ದೊಡ್ಡ ವಯಸ್ಸಿನೋರಲ್ಲಿ ತುಂಬಾ ಜನ ಮನೇಲಿ ಕಾಲಲ್ಲಿ ತುಳಿಯೋ ಮಿಷಿನ್‌ನಲ್ಲಿ ರವಿಕೆ ಹೊಲ್ದು ಅಭ್ಯಾಸ ಇರೋರು. ಹೊಲಿಗೆ ಗೊತ್ತಿರೋದ್ರಿಂದ ಬೇಗ ಕಲೀಬೇಕಲ್ವಾ, ಆಗೋದೇ ಬೇರೆ. ಪವರ್ ಮಿಷಿನ್ ಪೆಡಲ್ ಮೇಲೂ ಎರಡೂ ಕಾಲಿಟ್ಟು ತೂಗ್ತಾರೆ, ಮಿಷಿನ್ ಓಡುತ್ತೆ ನಿಲ್ಲುತ್ತೆ ಓಡುತ್ತೆ ನಿಲ್ಲುತ್ತೆ, ಬಲಗೈ ತಾನಾಗೇ ಚಕ್ರದ ಮೇಲೆ ಹೋಗುತ್ತೆ. ಏನೂ ಗೊತ್ತಿಲ್ದೇ ಬಂದ ಹುಡ್ಗಿ ಪೇಪರ್ ಮುಗ್ಸಿ ಬಟ್ಟೆಗೆ ಬಂದಿರ್ತಾಳೆ, ಇವ್ರು ಇನ್ನೂ ಪೇಪರ್‌ನಲ್ಲೇ ಇರ್ತಾರೆ, ನಂಗೆ ಹೊಲಿಗೆ ಬರುತ್ತೆ ಅನ್ಕೊಂಡಿದ್ದೆ ಅಂತ ಸಣ್ಣಗಾಗ್ತಾರೆ. ಅನುಭವ ಸಹಾಯ ಮಾಡ್ಬೇಕಾದ್ದು ಅಡ್ಡ ಬಂದ್ರೆ ಏನ್ ಮಾಡ್ಬೇಕು?

ಆಗುಂಬೆ ಮಳೆ, ತೀರ್ಥಹಳ್ಳಿ

ನೀನು ಹೇಳಿದ್ದು ಓದಿ ಖುಷಿ ಆಯ್ತು ಮಾರಾಯ್ತಿ, ನಿನ್ ಡಿಸರ್ಟೇಷನ್ ವಿಷಯ ಇದೇ. ನೋಲ್ಸ್ ಕೂಡ ಅನುಭವ ಎರಡು ಕಡೆಗೂ ಎಳೆಯುತ್ತೆ ಅಂತ ಒಪ್ತಾರೆ, ಹಳೇ ಅಭ್ಯಾಸ ಹೊಸದನ್ನ ತಡೀತದೆ ಅಂತ. ಅವ್ರಿಗೆ ಕಾಲು, ಕೈ ಎರಡೇ ಬೇರೆ ಕಲಿಬೇಕಾಗಿರೋದು, ಕಣ್ಣು ತಯಾರಿದೆ, ಬಟ್ಟೆ ಎಳೆ ಗೊತ್ತು, ಹೊಲಿಗೆ ಸುಕ್ಕು ಬಿದ್ರೆ ಯಾಕೆ ಅಂತ ಗೊತ್ತು. ಅದನ್ನ ಮೊದಲ್ನೇ ದಿನವೇ ಎಲ್ರೆದುರು ಹೇಳು. ತುಳಿಯೋ ಮಿಷಿನ್‌ಗೂ ಇದಕ್ಕೂ ಏನ್ ವ್ಯತ್ಯಾಸ ಅಂತ ಅವ್ರ ಬಾಯಿಂದಲೇ ಹೇಳ್ಸು. ಆಮೇಲೆ ಅವ್ರಿಗೆ ಪೇಪರ್ ಕೊಡೋ ಮುಂಚೆ ಬರೀ ಪೆಡಲ್ ಅಭ್ಯಾಸ ಬೇರೆ ಮಾಡ್ಸು, ಒಂದೇ ಕಾಲಲ್ಲಿ ಒತ್ತೋದು, ಬಿಡೋದು, ಎಡಗಾಲು ಪಕ್ಕಕ್ಕೆ. ಒಂದೇ ಪಾಠ ಎಲ್ರಿಗೂ ಕೊಡೋದೇ ಅಲ್ಲಿ ತೊಂದ್ರೆ.

ಕೊಳೆ ಔಷಧಿ, ಇರುವಕ್ಕಿ

ಮಧ್ಯೆ ಬರ್ತಿದೀನಿ, ನಾನು ಇಲ್ಲಿನ ಕೃಷಿ ವಿವಿಯಲ್ಲಿ ಕೃಷಿ ವಿಸ್ತರಣೆ ಎಂಎಸ್ಸಿ ಮಾಡ್ತಿದೀನಿ, ನಮ್ದೂ ದೊಡ್ಡೋರಿಗೆ ಕಲ್ಸೋ ವಿಷಯವೇ. ಅಕ್ಕ ನಿಮ್ಗೆ ಇದು ಆಗಲ್ಲ, ಕೃಷಿ ಡಿಗ್ರಿನೇ ಬೇಕು, ಆದ್ರೂ ಈ ಕಡೆ ಸಾಹಿತ್ಯ ಓದಿ. 1989ರಲ್ಲಿ ಇಂಡೋನೇಷ್ಯಾದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಶುರು ಮಾಡಿದ ರೈತ ಕ್ಷೇತ್ರ ಪಾಠಶಾಲೆ ಬಗ್ಗೆ ಓದಿದ್ರೆ ತುಂಬಾ ವಿಚಾರ ಸಿಗುತ್ತೆ. ಭಾಷಣ ಇಲ್ಲ, ವಾರಕ್ಕೊಮ್ಮೆ ರೈತರೇ ಗದ್ದೆಗಿಳ್ದು ಹುಳ ಎಣ್ಸಿ, ಯಾವ್ದು ಮಿತ್ರ ಯಾವ್ದು ಶತ್ರು ನೋಡಿ, ಚಿತ್ರ ಬರ್ದು, ಔಷಧಿ ಹೊಡೀಬೇಕಾ ಬೇಡ್ವಾ ಅಂತ ಅವ್ರೇ ತೀರ್ಮಾನಕ್ಕೆ ಬರೋದು, ಒಂದು ಬೆಳೆ ಮುಗಿಯೋ ತನಕ.

ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ ನಮ್ಮೂರಿನ ಬೋರ್ಡೋ ದ್ರಾವಣನೇ ತಗೊಳಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ರಸಸಾರ (ಪಿಎಚ್) ತಟಸ್ಥ ಇರ್ಬೇಕು ಅಂತ ಕಪ್ಪು ಹಲಗೆ ಮೇಲೆ ಬರೆದ್ರೆ ತೋಟದೋರು ತಲೆ ಆಡ್ಸಿ ಎದ್ದು ಹೋಗ್ತಾರೆ. ಹೊಳೆಯೋ ಕತ್ತಿ ಅದ್ದಿ ತೆಗ್ದು ತೋರ್ಸಿ, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಸಾಲ್ದು, ಇನ್ನಷ್ಟು ಹಾಕಿ ಅಂದ್ರೆ ಒಂದೇ ಸಲಕ್ಕೆ ಕೂರುತ್ತೆ. ಅದೂ ಮಳೆ ಹಿಡಿಯೋ ಮುಂಚೆ, ಮೇ ಕೊನೇಲಿ ಹೇಳ್ಬೇಕು. ಡಿಸೆಂಬರ್‌ನಲ್ಲಿ ಕೊಳೆ ರೋಗದ ತರಬೇತಿ ಇಟ್ರೆ ಅಡಿಕೆ ಕೊನೆ ಕೊಯ್ಲು ಬಿಟ್ಟು ಯಾರು ಬರ್ತಾರೆ?

ಸಾಗರದವ ಈಗ ಬೆಂಗ್ಳೂರು

ತೀರ್ಥಹಳ್ಳಿಯೋರ ವಾದ ಒಪ್ತೀನಿ, ಈ ಕಾಲಿನ ವಿಷಯ ಇಷ್ಟು ಗಮನ್ಸಿರೋರು ಎಂಬಿಎದ ಮಾರ್ಕೆಟಿಂಗ್ ಪೇಪರ್‌ನಲ್ಲಿ ಸಮಯ ಕಳೀಬಾರ್ದು. ನನ್ ಸಲಹೆ ಬದಲಾಯ್ಸಿ ಹೇಳ್ತೀನಿ, ಎಂಎ ಮಾಡಿ, ಕಂಪ್ನಿಗಳಿಗೆ ತೋರ್ಸೋಕೆ ಬೇಕಂದ್ರೆ ಆಮೇಲೆ ಐಎಸ್‌ಟಿಡಿ ಡಿಪ್ಲೊಮಾ ಮಾಡಿ. ಇಂಡಿಯನ್ ಸೊಸೈಟಿ ಫಾರ್ ಟ್ರೈನಿಂಗ್ ಅಂಡ್ ಡೆವಲಪ್‌ಮೆಂಟ್, 1970ರಲ್ಲಿ ಶುರುವಾದ ಸಂಸ್ಥೆ, ಟ್ರೈನಿಂಗ್ ವಿಷಯಕ್ಕೇ ಮೀಸಲು, ಎಚ್‌ಆರ್‌ನೋರಿಗೆ ಆ ಹೆಸರು ಗೊತ್ತು. ಎರಡನ್ನೂ ಒಟ್ಟಿಗೆ ಮಾತ್ರ ಹಚ್ಕೋಬೇಡಿ.

ಇವತ್ತಿಂದ್ಲೇ ಒಂದು ಪುಸ್ತಕದಲ್ಲಿ ಬರೆದಿಡೋಕೆ ಶುರು ಮಾಡಿ. ಯಾವ ಬ್ಯಾಚಲ್ಲಿ ಎಷ್ಟು ಜನ, ಹೊಲಿಗೆ ಗೊತ್ತಿದ್ದೋರು ಎಷ್ಟು, ಪೇಪರ್ ಮುಗಿಸೋಕೆ ಎಷ್ಟು ದಿನ, ಲೈನಲ್ಲಿ ಮೂರು ತಿಂಗಳಾದ್ಮೇಲೆ ಎಷ್ಟು ಜನ ಉಳಿದ್ರು. ಜನರ ಹೆಸರು ಬರೀಬೇಡಿ, ಕಂಪ್ನಿ ಹತ್ರ ಬರವಣಿಗೆಯಲ್ಲಿ ಅನುಮತಿ ತಗೊಳಿ. ಎಂಎ ಎರಡನೇ ವರ್ಷಕ್ಕೆ ಬರೋಷ್ಟ್ರಲ್ಲಿ ನಿಮ್ ಹತ್ರ ಇರೋ ಮಾಹಿತಿ ಬೇರೆ ಯಾರ ಹತ್ರಾನೂ ಇರಲ್ಲ.

ತುಂಗೆದಂಡೆ, ಶಿವಮೊಗ್ಗ

ಎಂಎನೇ ಮಾಡ್ತೀನಿ. ಮನೇಲಿ ಇವತ್ತು ರಾತ್ರಿ ಮಾತಾಡ್ತೀನಿ, ಇದೆಲ್ಲ ಅವ್ರಿಗೂ ಓದೋಕೆ ಕೊಡ್ತೀನಿ. ಸೋಮವಾರ ಫ್ಲೋರ್ ಇನ್‌ಚಾರ್ಜ್ ಹತ್ರ ಲೈನಿಗೆ ಹೋಗಿ ನೋಡೋಕೆ ದಿನಕ್ಕೆ ಅರ್ಧ ಗಂಟೆ ಕೇಳ್ತೀನಿ, ಪೆಡಲ್ ಅಭ್ಯಾಸ ಮುಂದಿನ ಬ್ಯಾಚಿಂದಾನೇ ಶುರು. ಅಕ್ಕ, ಅರ್ಜಿ ಹಾಕೋಕೆ ಮುಂಚೆ ಏನೇನ್ ರೆಡಿ ಇಟ್ಕೋಬೇಕು?

ಆಗುಂಬೆ ಮಳೆ, ತೀರ್ಥಹಳ್ಳಿ

ಎಬಿಸಿ ಐಡಿ (ಓದಿದ ಕ್ರೆಡಿಟ್ ಜಮಾ ಆಗೋ ಖಾತೆಯ ನಂಬರ್), ಡಿಇಬಿ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ನಂಬರ್) ಎರಡೂ ಆನ್‌ಲೈನ್‌ನಲ್ಲಿ ಮೊದ್ಲು ಮಾಡ್ಕೊ, ಈಗ ದೂರಶಿಕ್ಷಣಕ್ಕೆ ಅದಿಲ್ದೇ ಅರ್ಜಿ ಮುಂದೆ ಹೋಗಲ್ಲ. ಆಧಾರ್‌ನಲ್ಲೂ ಮಾರ್ಕ್ಸ್ ಕಾರ್ಡ್‌ನಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡ್ಕೊ, ಮದುವೆ ಆದ್ಮೇಲೆ ಬದಲಾಯ್ಸಿದ್ರೆ ಮೊದ್ಲೇ ಸರಿ ಮಾಡ್ಸು. ಡಿಗ್ರಿ ಸರ್ಟಿಫಿಕೇಟ್, ಫೋಟೊ, ಸಹಿ ಸ್ಕ್ಯಾನ್ ಮಾಡಿ ಫೋನಲ್ಲಿ ಇಟ್ಕೊ. ಸ್ಟಡಿ ಸೆಂಟರ್ ಆರ್ಸೋವಾಗ ಈ ಕೋರ್ಸಿಗೆ ಯಾವ್ದು ತೋರ್ಸುತ್ತೆ ಅಂತ ಅರ್ಜಿಯಲ್ಲೇ ನೋಡಿ ಮನೆಗೆ ಹತ್ರ ಇರೋದನ್ನ ಹಾಕು. ಮೊದಲ್ನೇ ಅಸೈನ್‌ಮೆಂಟ್ ಬರೆದ್ಮೇಲೆ ನಂಗೆ ಕಳ್ಸು, ಇಂಗ್ಲಿಷ್ ನೋಡ್ಕೊಡ್ತೀನಿ.